ಅರ್ಧ ನಿಮಿಷ ಬದುಕುವ ಕೊಬ್ಬಿನ ಬೆನ್ನು ಹತ್ತಿ

ಹೃದಯಾಘಾತ ಅಂದ ಕೂಡಲೇ ಎಲ್ಲರ ಬಾಯಲ್ಲೂ ಕೊಲೆಸ್ಟ್ರಾಲ್ ಬರುತ್ತದೆ. ಲ್ಯಾಬಿನಲ್ಲಿ ನಾನು ಅಳೆಯುತ್ತಿದ್ದದ್ದು ಬೇರೊಂದು ಕೊಬ್ಬನ್ನು, ಥ್ರಾಂಬಾಕ್ಸೇನ್ ಎ2. ಕೊಲೆಸ್ಟ್ರಾಲ್ ವರ್ಷಗಟ್ಟಲೆ ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತಾ ಹೋಗುತ್ತದೆ. ಇದು ಹಾಗಲ್ಲ. ರಕ್ತ ಹೆಪ್ಪುಗಟ್ಟಿಸುವ ಪುಟ್ಟ ಕಣವಾದ ಪ್ಲೇಟ್‌ಲೆಟ್‌ನಿಂದ ಹೊರಬಿದ್ದ ಸುಮಾರು ಅರ್ಧ ನಿಮಿಷದಲ್ಲೇ ಅರ್ಧದಷ್ಟು ಕರಗಿಹೋಗಿರುತ್ತದೆ. ಅಷ್ಟರಲ್ಲೇ ಅಕ್ಕಪಕ್ಕದ ಪ್ಲೇಟ್‌ಲೆಟ್‌ಗಳನ್ನು ಒಟ್ಟುಗೂಡಿಸಿ ರಕ್ತ ಹೆಪ್ಪುಗಟ್ಟಲು ದಾರಿ ಮಾಡುತ್ತದೆ.

ಇಂಥದ್ದನ್ನು ನೇರವಾಗಿ ಹಿಡಿಯಲು ಆಗುವುದಿಲ್ಲ. ಅದು ಬದಲಾಗಿ ಉಳಿಯುವ ಥ್ರಾಂಬಾಕ್ಸೇನ್ ಬಿ2 ಅನ್ನು ಅಳೆಯುತ್ತೇವೆ. ರಕ್ತವನ್ನು ಗಾಜಿನ ಟ್ಯೂಬಿನಲ್ಲಿ 37 ಡಿಗ್ರಿಯಲ್ಲಿ ಸರಿಯಾಗಿ ಒಂದು ಗಂಟೆ ಹೆಪ್ಪುಗಟ್ಟಲು ಬಿಡಬೇಕು. ಮೊದಮೊದಲು ನಾನು ಟ್ಯೂಬನ್ನು ಮೇಜಿನ ಮೇಲಿಟ್ಟು ಹೆಸರು ಬರೆಯುತ್ತಾ ಕೂರುತ್ತಿದ್ದೆ, ಅಷ್ಟರಲ್ಲಿ ರಕ್ತ ತಣ್ಣಗಾಗುತ್ತಿತ್ತು. ಒಬ್ಬರದೇ ರಕ್ತ, ದಿನಕ್ಕೊಂದು ಲೆಕ್ಕ! ಆಮೇಲೆ ಲೇಬಲ್ ಮೊದಲೇ ಅಂಟಿಸಿ, ವಾಟರ್ ಬಾತ್ (ಟ್ಯೂಬನ್ನು ಬೆಚ್ಚಗಿಡುವ ನೀರಿನ ತೊಟ್ಟಿ) ಪಕ್ಕದಲ್ಲೇ ರಕ್ತ ತೆಗೆಯಲು ಶುರು ಮಾಡಿದೆ.

ದೊಡ್ಡ ಪಾಠ ಕಲಿಸಿದ್ದು ಒಬ್ಬ ಅಕ್ಕ. ಆರೋಗ್ಯವಂತರ ಗುಂಪಿಗೆ ರಕ್ತ ಕೊಡಲು ಬಂದಿದ್ದರು. ಅವರ ಪ್ಲೇಟ್‌ಲೆಟ್‌ಗಳಿಗೆ ಅರಾಕಿಡೋನಿಕ್ ಆಮ್ಲ ಹಾಕಿದೆ, ಥ್ರಾಂಬಾಕ್ಸೇನ್ ತಯಾರಾಗುವುದು ಇದರಿಂದಲೇ. ಕೆಲವೇ ನಿಮಿಷಗಳಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ, ಅದನ್ನು ತೋರಿಸುವ ಯಂತ್ರದ ಗೆರೆ ಮೇಲೇರಬೇಕಿತ್ತು. ಅಲುಗಲೇ ಇಲ್ಲ. ಆಮ್ಲ ಕೆಟ್ಟಿದೆಯೇನೋ ಅಂತ ನನ್ನದೇ ರಕ್ತದಲ್ಲಿ ನೋಡಿದೆ, ಚೆನ್ನಾಗಿಯೇ ಏರಿತು.

“ಅಕ್ಕ, ಯಾವುದಾದರೂ ಔಷಧಿ ತಗೊಂಡಿದ್ರಾ?”

“ಇಲ್ಲಪ್ಪ. ಮೊನ್ನೆ ತಲೆನೋವಿಗೆ ಅಂಗಡೀಲಿ ಒಂದು ಮಾತ್ರೆ ತಗೊಂಡೆ, ಅಷ್ಟೇ.”

ಆ ಮಾತ್ರೆಯಲ್ಲಿ ಆಸ್ಪಿರಿನ್ ಇತ್ತು. ಥ್ರಾಂಬಾಕ್ಸೇನ್ ತಯಾರಾಗಲು ಬೇಕಾದ ಕಿಣ್ವವನ್ನು ಅದು ಶಾಶ್ವತವಾಗಿ ಮುಚ್ಚಿಬಿಡುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲ, ಹೊಸ ಕಿಣ್ವ ಎಲ್ಲಿಂದ ತರಬೇಕು? ಸಾಯುವವರೆಗೆ, ಅಂದರೆ 8–10 ದಿನ, ಸುಮ್ನೆ ಇರುತ್ತದೆ. ರಕ್ತನಾಳದ ಒಳಪದರದ ಕೋಶಗಳು ಹಾಗಲ್ಲ. ಅವು ಹೊಸ ಕಿಣ್ವ ಮಾಡಿಕೊಂಡು ಪ್ರೋಸ್ಟಾಸೈಕ್ಲಿನ್ ಕೊಡುತ್ತವೆ. ಅದೂ ಕೊಬ್ಬೇ, ಆದರೆ ಪ್ಲೇಟ್‌ಲೆಟ್‌ಗಳು ಗುಂಪುಗೂಡದಂತೆ ತಡೆಯುತ್ತದೆ. ಹೃದಯಾಘಾತ ಆದವರಿಗೆ ದಿನಕ್ಕೆ 75 ಮಿಲಿಗ್ರಾಂನಷ್ಟು ಚಿಕ್ಕ ಪ್ರಮಾಣದ ಆಸ್ಪಿರಿನ್ ಸಾಕಾಗುವುದು ಇದರಿಂದಲೇ. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಆ ಚಪ್ಪಟೆ ಗೆರೆ ನೋಡಿದಾಗಲೇ ನನಗೆ ನಿಜವಾಗಿ ಅರ್ಥವಾಗಿದ್ದು.

ಎರಡು ವಾರ ಬಿಟ್ಟು ಅಕ್ಕ ಮತ್ತೆ ಬಂದರು. ಈ ಸಲ ಗೆರೆ ಸರಸರ ಏರಿತು. ಈಗ ನಾನು “ಔಷಧಿ ತಗೊಂಡಿದ್ರಾ” ಅಂತ ಕೇಳುವುದಿಲ್ಲ. ಎರಡು ವಾರದಲ್ಲಿ ತಲೆನೋವು, ಜ್ವರ, ಮೈಕೈ ನೋವು, ಮುಟ್ಟಿನ ನೋವು ಇತ್ತಾ, ಆಗ ಏನು ನುಂಗಿದ್ರಿ ಅಂತ ಒಂದೊಂದಾಗಿ ಕೇಳುತ್ತೇನೆ.