ಮಾವಿನ ತೋಟದ ಹುಲ್ಲಿಗೆ 28 ಎಚ್‌ಪಿ ಗಾಡಿ, ನಾಲ್ಕಡಿ ಮಲ್ಚರ್: ನನ್ನ ಅನುಭವ

ಶ್ರೀನಿವಾಸಪುರದ ಕಡೆ ಮಾವಿನ ತೋಟ ಇಟ್ಟುಕೊಂಡವರಿಗೆ ಮಳೆಗಾಲದ ಹುಲ್ಲಿನ ಕಾಟ ಹೊಸದಲ್ಲ. ಆಗಸ್ಟ್ ಕಳೆಯುವಷ್ಟರಲ್ಲಿ ಕರಡ, ಜೇಕು, ಕಾಂಗ್ರೆಸ್ ಗಿಡ ಎಲ್ಲ ಸೇರಿ ಸೊಂಟದ ಮಟ್ಟಕ್ಕೆ ಬಂದಿರುತ್ತದೆ. ನನ್ನದು ಒಂಬತ್ತು ಎಕರೆ, 30 ಅಡಿ ಅಂತರದ ಗಿಡ, ಗರಸು ಬೆರೆತ ಕೆಂಪು ಮಣ್ಣು. ಮಿನಿ ಟ್ರ್ಯಾಕ್ಟರಿಗೆ ಮಲ್ಚರ್ (ಹುಲ್ಲನ್ನು ಕುಟ್ಟಿ ಚೂರುಮಾಡಿ ನೆಲಕ್ಕೇ ಹಾಸುವ ಯಂತ್ರ) ಹಾಕುತ್ತೇನೆ ಎಂದಾಗ ಕೆಲವರು ಗಾಡಿ ಎಳೆಯುವುದಿಲ್ಲ ಎಂದರು, ಕಲ್ಲಿಗೆ ಬ್ಲೇಡ್ ನಿಲ್ಲುವುದಿಲ್ಲ ಎಂದರು. ಮೂರು ಮಳೆಗಾಲ ಆಯಿತು. ಗಾಡಿ ಎಳೆಯುತ್ತಿದೆ, ಬ್ಲೇಡೂ ನಿಂತಿದೆ.

ಮೊದಲು ದುಡ್ಡು ಹೋದದ್ದು ಸ್ಲ್ಯಾಷರಿಗೆ, ಅಂದರೆ ನೆಲಕ್ಕೆ ಸಮವಾಗಿ ತಿರುಗುವ ಬ್ಲೇಡಿನಿಂದ ಹುಲ್ಲು ಕತ್ತರಿಸುವ ಯಂತ್ರಕ್ಕೆ. ಸೆಕೆಂಡ್ ಹ್ಯಾಂಡ್, ಐದಡಿಯದು, 38 ಸಾವಿರ. ತಪ್ಪಾದದ್ದು ಲೆಕ್ಕದಲ್ಲಿ. ಸ್ಲ್ಯಾಷರಿಗೆ ಅಡಿಗೆ ಸುಮಾರು 5 ಎಚ್‌ಪಿ ಬೇಕು, ಅದೂ ಪಿಟಿಒದಲ್ಲಿ (ಉಪಕರಣ ತಿರುಗಿಸಲು ಗಾಡಿಯ ಹಿಂದಿರುವ ಶಾಫ್ಟ್) ಸಿಗುವ ಎಚ್‌ಪಿ. 28 ಎಚ್‌ಪಿ ಗಾಡಿಯ ಪಿಟಿಒದಲ್ಲಿ ಸಿಗುವುದು 23–24. ತೆಳು ಹುಲ್ಲಿಗೆ ಅದು ಸಾಕಾಯಿತು, ಒತ್ತಾದ ಕರಡಕ್ಕೆ ಬಂದಾಗ ಇಂಜಿನ್ ಕುಗ್ಗಿತು. ಇಂಜಿನ್ ಕುಗ್ಗಿದರೆ ಪಿಟಿಒಗೆ ಬೇಕಾದ 540 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಉಳಿಯುವುದಿಲ್ಲ, ಬ್ಲೇಡು ಹುಲ್ಲನ್ನು ಕತ್ತರಿಸುವ ಬದಲು ಮಲಗಿಸಿಕೊಂಡು ಹೋಗುತ್ತದೆ. ಎರಡು ದಿನ ಕಳೆದರೆ ಅದೇ ಹುಲ್ಲು ಎದ್ದು ನಿಂತಿರುತ್ತದೆ.

ಶಿಯರ್ ಬೋಲ್ಟ್ (ಕಲ್ಲು ತಾಗಿದಾಗ ತಾನು ತುಂಡಾಗಿ ಗೇರ್‌ಬಾಕ್ಸ್ ಉಳಿಸುವ ಬೋಲ್ಟ್) ಪದೇ ಪದೇ ತುಂಡಾಗುತ್ತದೆಂದು ಅದರ ಜಾಗಕ್ಕೆ ಗಟ್ಟಿ ಹೈ ಟೆನ್ಸೈಲ್ ಬೋಲ್ಟ್ ಹಾಕಿಸಿದ್ದು ಇನ್ನೊಂದು ತಪ್ಪು. ಮುಂದಿನ ಕಲ್ಲಿಗೆ ಬೋಲ್ಟ್ ಉಳಿಯಿತು, ಗೇರ್‌ಬಾಕ್ಸಿನ ಹಲ್ಲು ಹೋಯಿತು. ರಿಪೇರಿಗೆ 14 ಸಾವಿರ. ಕಂಪನಿ ಹೇಳಿದ ಗ್ರೇಡಿನ ಬೋಲ್ಟನ್ನೇ ಹತ್ತಿಪ್ಪತ್ತು ತಂದು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ. ಸಿಂಗಲ್ ಕ್ಲಚ್ (ಚಕ್ರಕ್ಕೂ ಪಿಟಿಒಗೂ ಒಂದೇ ಕ್ಲಚ್) ಗಾಡಿಯವರು ಇನ್ನೊಂದು ನೋಡಬೇಕು. ಸ್ಲ್ಯಾಷರ್ ಬ್ಲೇಡಿನ ತಿರುಗುವ ರಭಸ, ಕ್ಲಚ್ ಒತ್ತಿದ ಮೇಲೂ ಪಿಟಿಒ ಮೂಲಕ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಒಂದೇ ದಿಕ್ಕಿಗೆ ಬಲ ದಾಟಿಸುವ ಓವರ್‌ರನ್ನಿಂಗ್ ಕಪ್ಲರ್ ಹಾಕಿದರೆ ಇದು ನಿಲ್ಲುತ್ತದೆ. ಆದರೆ ಕಪ್ಲರಿನಿಂದ ಉದ್ದ ಮೂರ್ನಾಲ್ಕು ಇಂಚು ಹೆಚ್ಚುವುದರಿಂದ ಗಾಡಿಗೂ ಯಂತ್ರಕ್ಕೂ ನಡುವಿನ ಶಾಫ್ಟನ್ನು ಅಷ್ಟೇ ಕತ್ತರಿಸಬೇಕು. ಕತ್ತರಿಸದೆ ಹಾಕಿ ಹಿಚ್ (ಯಂತ್ರ ಎತ್ತುವ ಹಿಂದಿನ ಜೋಡಣೆ) ಎತ್ತಿದರೆ ಶಾಫ್ಟ್ ಒಳಗೆ ತುದಿಗೆ ಗುದ್ದಿ ಬೇರಿಂಗ್ ಹೋಗುತ್ತದೆ. ಸ್ಲ್ಯಾಷರನ್ನು ಕೊನೆಗೆ 22 ಸಾವಿರಕ್ಕೆ ಕೊಟ್ಟುಬಿಟ್ಟೆ.

ನಡುವೆ ಕಟ್ಟರ್ ಬಾರ್ (ಕತ್ತರಿಯಂತೆ ಅತ್ತಿತ್ತ ಆಡುವ ಚಾಕುಗಳ ಪಟ್ಟಿ) ಬಾಡಿಗೆಗೆ ತಂದು ನೋಡಿದೆ. ಹಸುವಿನ ಮೇವಿಗೆ ಅದೇ ಸರಿ: ಕಡ್ಡಿ ಉದ್ದಕ್ಕೆ ಬೀಳುತ್ತದೆ, ಮಣ್ಣು ಹತ್ತುವುದಿಲ್ಲ. ಮಲ್ಚರ್ ಕುಟ್ಟಿದ ಹುಲ್ಲನ್ನು ದನ ಮೂಸುವುದೂ ಇಲ್ಲ. ಆದರೆ ಹುತ್ತ ಇರುವ ನೆಲದಲ್ಲಿ ಕಟ್ಟರ್ ಬಾರಿನ ಚಾಕು ಎರಡೇ ಸಾಲಿಗೆ ಮಣ್ಣು ಕಚ್ಚಿತು. ಸ್ಲ್ಯಾಷರಿಗೆ ಬ್ಲೇಡಿನ ಬದಲು ಸರಪಳಿ ಹಾಕಿಯೂ ನೋಡಿದ್ದಾಯಿತು. ಹುಲ್ಲು ಹರಿಯುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಒಂದು ಕೊಂಡಿ ಕಿತ್ತು ಗುಂಡಿನಂತೆ ಹಾರಿತು. ಇದನ್ನು ಯಾರೂ ಮಾಡಬೇಡಿ.

ಈಗಿರುವುದು ನಾಲ್ಕಡಿ ಮಲ್ಚರ್, ಬಲಕ್ಕೆ ಸರಿಸುವಂಥದ್ದು, ಸುಮಾರು 1.35 ಲಕ್ಷ. ಅಗಲ ಆರಿಸುವಾಗ ನೋಡಬೇಕಾದದ್ದು ಹಿಂದಿನ ಟೈರಿನ ಹೊರ ಅಂಚು: ಮಲ್ಚರ್ ಅದನ್ನು ದಾಟಿರಬೇಕು. ಇಲ್ಲವಾದರೆ ಟೈರ್ ತುಳಿದ ಹುಲ್ಲು ಪಟ್ಟೆಯಾಗಿ ಉಳಿಯುತ್ತದೆ. ಬಲಕ್ಕೆ ಸರಿಸಿದರೆ ಗಾಡಿ ಹೊರಗಿದ್ದೇ ಕೊಂಬೆ ಕೆಳಗಿನ ಹುಲ್ಲು ಕತ್ತರಿಸಬಹುದು. ತೂಕ ಸುಮಾರು 300 ಕೆಜಿ. ಮುಂದೆ 20 ಕೆಜಿಯ ನಾಲ್ಕು ತೂಕ ಹಾಕದಿದ್ದರೆ ಬದು ಹತ್ತುವಾಗ ಮುಂದಿನ ಚಕ್ರ ನೆಲ ಬಿಡುತ್ತದೆ.

ಬ್ಲೇಡಿನಲ್ಲಿ ಅಂಗಡಿಯವರು ‘ವೈ’ ಆಕಾರದ್ದನ್ನು ತೋರಿಸುತ್ತಾರೆ. ಬರೀ ಗರಿಕೆಗೆ ಅದು ನುಣ್ಣಗೆ ಕತ್ತರಿಸುತ್ತದೆ. ನಮ್ಮ ಗರಸಿಗೆ ಸುತ್ತಿಗೆ ಬ್ಲೇಡೇ ಬೇಕು. ಕಲ್ಲು ತಾಗಿದರೆ ಹಿಂದಕ್ಕೆ ಮಡಚಿ ಮತ್ತೆ ನೇರವಾಗುತ್ತದೆ. ಹರಿತ ಅಷ್ಟು ಬೇಕಿಲ್ಲ, ತೂಕ ಸಮವಾಗಿರಬೇಕು. ಒಂದು ಮುರಿದರೆ ಅದರ ಎದುರಿನದನ್ನೂ ಬದಲಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ 10 ಗ್ರಾಂ ಒಳಗೆ ತರುತ್ತೇನೆ. ಹಾಗೆ ಮಾಡದಿದ್ದರೆ ನಡುಕ ಸೀಟಿಗೆ ಬರುತ್ತದೆ, ವಾರದೊಳಗೆ ಬ್ಲೇಡುಗಳನ್ನು ಹೊತ್ತು ತಿರುಗುವ ರೋಟರಿನ ಬೇರಿಂಗ್ ಹೋಗುತ್ತದೆ. ಬ್ಲೇಡಿನ ತುದಿಗೆ ಹಾರ್ಡ್‌ಫೇಸಿಂಗ್ (ಬೇಗ ಸವೆಯದಂತೆ ಗಟ್ಟಿ ಲೋಹದ ವೆಲ್ಡಿಂಗ್ ಪದರ) ಮಾಡಿಸಿ ಎರಡು ಸೀಸನ್ ಓಡಿಸುತ್ತಿದ್ದೇನೆ. ಯಾವ ರಾಡು, ಎಷ್ಟು ದಪ್ಪ ಎಂಬುದನ್ನು ಕಂಡುಕೊಳ್ಳಲು ಬಹಳ ಬ್ಲೇಡು ಹಾಳುಮಾಡಿದ್ದೇನೆ, ಅದು ನನ್ನಲ್ಲೇ ಇರಲಿ.

ಮಲ್ಚರಿನ ರೋಲರಿನಿಂದ ಹೊಂದಿಸುವ ಕತ್ತರಿಸುವ ಎತ್ತರ ಮೂರೂವರೆ ಇಂಚು. ಎರಡಕ್ಕೆ ಇಳಿಸಿದ ದಿನ ಕಿಡಿ ಹಾರಿತು, ಎರಡು ಬೆಲ್ಟ್ ಸುಟ್ಟವು. ತೋಟಕ್ಕೆ ಮೊದಲ ಸಲ ಮಲ್ಚರ್ ಇಳಿಸುವ ಮುಂಚೆ ಆಳು ಹಾಕಿ ಮುಷ್ಟಿಗಿಂತ ದೊಡ್ಡ ಕಲ್ಲು ಆರಿಸಲೇಬೇಕು. 16 ಎಂಎಂ ಡ್ರಿಪ್ ಪೈಪನ್ನು ಎತ್ತಿ ಕೊಂಬೆಗೆ ನೇತುಹಾಕಿ. ಒಂದು ತುಂಡು ಸಿಕ್ಕರೂ ರೋಟರಿನ ತುದಿಗೆ ಹಗ್ಗದಂತೆ ಸುತ್ತಿ, ಬಿಸಿಗೆ ಕರಗಿ, ಬೇರಿಂಗಿನ ಸೀಲಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಬ್ಲೇಡಿನಿಂದ ಕೆರೆದು ತೆಗೆಯುವುದೇ ಅರ್ಧ ದಿನದ ಕೆಲಸ. ಹೊಸ ಬೆಲ್ಟ್ ಹಾಕಿದ ಮೇಲೆ ಎರಡು ಗಂಟೆ ಓಡಿಸಿ ಮತ್ತೆ ಬಿಗಿ ಮಾಡಿ. ಹೆಬ್ಬೆರಳಲ್ಲಿ ಒತ್ತಿದರೆ ಒಂದು ಸೆಂಟಿಮೀಟರಿನಷ್ಟು ತಗ್ಗಿದರೆ ಸರಿ. ಹುಲ್ಲು ಒತ್ತಾದಾಗ ಆಕ್ಸಿಲರೇಟರ್ ಇಳಿಸಬೇಡಿ, ಗೇರ್ ಇಳಿಸಿ. ಇಂಥ ಜಾಗದಲ್ಲಿ ಗಂಟೆಗೆ ಎರಡು ಕಿ.ಮೀ. ಸಾಕು.

ಉಳದೆ ಬಿಟ್ಟರೆ ಗಿಡ ಒಣಗುತ್ತದೆ ಎಂಬ ಮಾತಿಗೆ: ಮಳೆಗಾಲ ಮುಗಿದು ಒಂದು ತಿಂಗಳಾದರೂ ಕುಟ್ಟಿದ ಹುಲ್ಲಿನ ಕೆಳಗೆ ಮಣ್ಣು ತಂಪಾಗಿ ಕೈಗೆ ಅಂಟುತ್ತದೆ. ಉತ್ತ ಸಾಲಿನಲ್ಲಿ ಅಷ್ಟರಲ್ಲಿ ಬಿರುಕು ಬಿಟ್ಟಿರುತ್ತದೆ. ಗೆದ್ದಲಿನ ಕಾಟ ಮಾತ್ರ ನಿಜ. ಬುಡದಿಂದ ಎರಡಡಿ ಹುಲ್ಲು ಸರಿಸಿಡಬೇಕು. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆಯೇ ಕುಟ್ಟಬೇಕು. ತಡವಾದರೆ ಮಲ್ಚರ್ ಬೀಜ ಬಿತ್ತಿದ ಹಾಗೆ ಆಗುತ್ತದೆ.

ಗಂಟೆಗೆ ಮುಕ್ಕಾಲು ಎಕರೆ ಮುಗಿಯುತ್ತದೆ, ಡೀಸೆಲ್ ಮೂರು ಲೀಟರ್. ವರ್ಷಕ್ಕೆ ಮೂರು ಸಲ: ಆಗಸ್ಟ್, ನವೆಂಬರಿನಲ್ಲಿ ಹೂ ಬರುವ ಮುಂಚೆ, ಏಪ್ರಿಲ್ ಕೊನೆಗೆ ಕೊಯ್ಲಿಗೆ ಮೊದಲು. ಬೆಲ್ಟ್, ಬ್ಲೇಡ್, 90 ನಂಬರ್ ಗೇರ್ ಆಯಿಲ್ ಎಲ್ಲ ಸೇರಿ ವರ್ಷಕ್ಕೆ 17–18 ಸಾವಿರ. ಮೊದಲು ಉಳುಮೆ ಬಾಡಿಗೆ ಮತ್ತು ಬುಡದ ಸುತ್ತ ಬ್ರಷ್ ಕಟ್ಟರಿನ ಕೂಲಿಗೆ 45 ಸಾವಿರ ದಾಟುತ್ತಿತ್ತು. ಅಂದು ಬೇಡವೆಂದವರ ಪೈಕಿ ಇಬ್ಬರು ಕಳೆದ ವರ್ಷದಿಂದ ನನ್ನನ್ನೇ ಕರೆಸುತ್ತಿದ್ದಾರೆ, ಗಂಟೆಗೆ 900. ಕಲ್ಲು ಆರಿಸದ ತೋಟಕ್ಕೆ ಮಾತ್ರ ಇಳಿಸುವುದಿಲ್ಲ.