ಹಳ್ಳದ ನೆರೆಗೆ ಹೊಲದಲ್ಲೇ ತಡೆ ಹಾಕುವುದು ಹೇಗೆ?

ರಾಯಚೂರು, ಕೊಪ್ಪಳ, ಬಳ್ಳಾರಿಯ ನಮ್ಮ ಸೀಮೆಯಲ್ಲಿ ನೆರೆ ಎರಡು ಥರ. ನಾರಾಯಣಪುರ ಜಲಾಶಯದಿಂದ ಕೃಷ್ಣೆಗೆ ನೀರು ಬಿಟ್ಟರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ತುಂಗಭದ್ರಾ ಗೇಟು ತೆರೆದರೆ ಕಂಪ್ಲಿ ಸೇತುವೆ ಮುಳುಗುತ್ತದೆ. ಇದು ದೂರದ ಸಹ್ಯಾದ್ರಿಯಲ್ಲಿ ಬಿದ್ದ ಮಳೆಯ ನೀರು. ನೀರು ತಡೆಯಲು ನಮ್ಮ ಹೊಲದಲ್ಲಿ ಹಾಕಿದ ಮಣ್ಣಿನ ಒಡ್ಡಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ಹಳ್ಳದ ನೆರೆ. ಸಂಜೆ ಮಳೆ ಹೊಡೆದರೆ ರಾತ್ರಿಯೊಳಗೆ ಹಳ್ಳ ತುಂಬಿ ರಸ್ತೆ ಮೇಲೆ ಹರಿಯುತ್ತದೆ. ಬೆಳಿಗ್ಗೆ ಹೊತ್ತಿಗೆ ಇಳಿದಿರುತ್ತದೆ. ಅಷ್ಟರಲ್ಲಿ ದಂಡೆಯ ಹೊಲ, ಪಂಪ್‌ಸೆಟ್, ಕೆಲವೊಮ್ಮೆ ದನಕರುಗಳೂ ಹೋಗಿರುತ್ತವೆ. ಈ ನೀರು ಬೇರೆ ಎಲ್ಲಿಂದಲೂ ಬಂದದ್ದಲ್ಲ, ನಮ್ಮದೇ ಊರಿನ ಹೊಲಗಳ ಮೇಲೆ ಬಿದ್ದದ್ದು. ಹಾಗಾಗಿ ಇದರಲ್ಲಿ ನಮ್ಮ ಕೈಲಿ ಆಗುವ ಕೆಲಸ ಬಹಳ ಇದೆ.

ಒಂದು ಲೆಕ್ಕ ನೋಡಿ. ಒಂದು ಎಕರೆ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 2 ಲಕ್ಷ ಲೀಟರ್ ನೀರು. 5,000 ಲೀಟರಿನ ಟ್ಯಾಂಕರ್ ಆದರೆ 40. ಒಂದೇ ಎಕರೆಯಿಂದ! ಇದರಲ್ಲಿ ಬರೀ 20 ಮಿಲಿಮೀಟರನ್ನು ಹೊಲದಲ್ಲೇ ನಿಲ್ಲಿಸಿದರೂ, ಸಾವಿರ ಎಕರೆಗೆ 8 ಕೋಟಿ ಲೀಟರ್ ನೀರು ಆ ರಾತ್ರಿ ಹಳ್ಳಕ್ಕೆ ಇಳಿಯುವುದಿಲ್ಲ.

ಮೊದಲು ಮಣ್ಣಿನ ಗುಣ ತಿಳಿಯಿರಿ

ಎರೆ, ಅಂದರೆ ಕಪ್ಪು ಮಣ್ಣಿನ ಹೊಲ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಮುಂಗಾರಿನ ಮೊದಲ ಮಳೆಗಳು ಆ ಬಿರುಕಿನಲ್ಲೇ ಇಂಗಿ ಹೋಗುತ್ತವೆ. ನೆನೆದ ಮೇಲೆ ಎರೆ ಉಬ್ಬುತ್ತದೆ, ಬಿರುಕು ಮುಚ್ಚುತ್ತದೆ. ಆಮೇಲೆ ನೀರು ಇಂಗುವುದು ಬಹಳ ನಿಧಾನ. ನಮ್ಮಲ್ಲಿ ದೊಡ್ಡ ಮಳೆ ಬರುವುದು ಸೆಪ್ಟೆಂಬರಿನಲ್ಲಿ. ಹಿಂಗಾರಿ ಜೋಳ, ಕಡಲೆಗೆಂದು ಬಿಟ್ಟ ಹೊಲಗಳು ಆಗ ಹರಗಿ ಬೋಳಾಗಿರುತ್ತವೆ. ಮಣ್ಣು ನೆನೆದಿದೆ, ಮೇಲೆ ಬೆಳೆ ಇಲ್ಲ, ಮಳೆ ಜೋರು. ಮೂರೂ ಒಟ್ಟಿಗೆ ಬರುತ್ತವೆ. 2009ರಲ್ಲಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಬಂದಂಥ ಮಳೆಗೆ ಯಾವ ಒಡ್ಡೂ ಸಾಲದು, ನಿಜ. ಆದರೆ ಅಂಥ ಮಳೆ ಅಪರೂಪ. ವರ್ಷ ವರ್ಷ ಬರುವ ಮಳೆಯನ್ನು ಹಿಡಿಯಬಹುದು.

ಮಸಾರಿ, ಅಂದರೆ ಕೆಂಪು ಮಣ್ಣಿನ ತೊಂದರೆ ಬೇರೆ. ಬೋಳು ಮಸಾರಿಗೆ ದಪ್ಪ ಹನಿ ಹೊಡೆದರೆ ಮೇಲೆ ತೆಳ್ಳನೆಯ ಪದರ ಗಟ್ಟಿಯಾಗುತ್ತದೆ. ಒಳಗೆ ಮಣ್ಣು ಒಣಗಿದ್ದರೂ ನೀರು ಮೇಲೇ ಜಾರುತ್ತದೆ. ಮಳೆ ಬಿಟ್ಟು ಹದ ಬಂದ ಕೂಡಲೇ ಸಾಲುಗಳ ನಡುವೆ ಮಣ್ಣು ಸಡಿಲಿಸುವ ಎಡೆಕುಂಟೆ ಹೊಡೆದರೆ ಆ ಪದರ ಒಡೆಯುತ್ತದೆ.

ಪರೀಕ್ಷೆ ಬೇಕಾ? ಎರಡೂ ಕಡೆ ಕತ್ತರಿಸಿದ ಒಂದು ಡಬ್ಬಿ ತಗೊಳ್ಳಿ. ಹೊಲದ ನಡುವೆ ಎರಡು ಬೆರಳು ಆಳಕ್ಕೆ ಒತ್ತಿ, ಒಂದು ಲೀಟರ್ ನೀರು ಸುರಿದು ಗಡಿಯಾರ ನೋಡಿ. ಆಮೇಲೆ ಹುಲ್ಲು ಬೆಳೆದ ಬದುವಿನ ಮೇಲೆ ಹಾಗೇ ಮಾಡಿ. ಎರಡರ ನಡುವಿನ ಅಂತರ ಕಂಡ ಮೇಲೆ ಯಾರೂ ಹೇಳಬೇಕಿಲ್ಲ.

ಉಳುಮೆಯ ದಿಕ್ಕು ತಿರುಗಿಸಿ

ಖರ್ಚಿಲ್ಲದ ಕೆಲಸ ಇದೇ. ಟ್ರ್ಯಾಕ್ಟರ್ ಪದೇ ಪದೇ ತಿರುಗಿಸುವುದು ಬೇಡವೆಂದು ಹೊಲದ ಉದ್ದಕ್ಕೆ ಹೊಡೆಯುತ್ತೇವೆ. ಆ ಉದ್ದ ಇಳಿಜಾರಿನ ಕಡೆಗೇ ಇದ್ದರೆ ಒಂದೊಂದು ಸಾಲೂ ಒಂದೊಂದು ಕಾಲುವೆ. ಗೌಂಡಿಗಳ ಹತ್ತಿರ ಇರುವ, ನೀರು ತುಂಬಿ ಮಟ್ಟ ನೋಡುವ ಲೆವಲ್ ಪೈಪ್ ಒಂದು ದಿನದ ಮಟ್ಟಿಗೆ ಕೇಳಿ ತನ್ನಿ. ಒಂದೇ ಮಟ್ಟದ ಜಾಗಗಳಿಗೆ ಗೂಟ ಹೊಡೆದು, ಅದೇ ಗೆರೆಯಲ್ಲಿ ರಂಟೆ, ಕುಂಟೆ, ಕೂರಿಗೆ ನಡೆಸಿ. ಬಾಡಿಗೆಯ ಟ್ರ್ಯಾಕ್ಟರಿನವರು ಡೀಸೆಲ್ ಜಾಸ್ತಿ ಆಗುತ್ತದೆ ಅಂತಾರೆ. ಅರ್ಧ ತಾಸಿನ ದುಡ್ಡು ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಚೌಕು ಮಡಿ ಹಾಕಿ

ಹಿಂಗಾರಿ ಎರೆ ಹೊಲಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಜೂನ್, ಜುಲೈನಲ್ಲಿ ಹೊಲವನ್ನು ಹತ್ತು ಅಡಿಗೆ ಹತ್ತು ಅಡಿಯ ಚೌಕಗಳಾಗಿ ಮಾಡಿ. ಇಳಿಜಾರು ಕಮ್ಮಿ ಇದ್ದರೆ ಹದಿನೈದು ಅಡಿ ಆದರೂ ನಡೆಯುತ್ತದೆ. ಸುತ್ತ ಮುಕ್ಕಾಲು ಗೇಣು ಎತ್ತರದ ಬದು ಸಾಕು. ಎತ್ತಿಗೂ ಟ್ರ್ಯಾಕ್ಟರಿಗೂ ಕಟ್ಟುವ ಸಲಕರಣೆಗಳಿವೆ. ಮಳೆ ಬಿದ್ದ ಮೇಲೆ ಹೋಗಿ ನೋಡಿ, ಹೊಲದ ತುಂಬ ತಟ್ಟೆ ಜೋಡಿಸಿಟ್ಟ ಹಾಗೆ ನೀರು ನಿಂತಿರುತ್ತದೆ. ಬಿತ್ತುವ ಮುಂಚೆ ಕುಂಟೆ ಹೊಡೆದು ಮಡಿ ಮುರಿದರೆ ಆಯಿತು. ಕೆಳಗಿನ ಊರಿಗೆ ನೀರು ಕಮ್ಮಿ, ನಿಮ್ಮ ಜೋಳಕ್ಕೆ ಹಸಿ ಜಾಸ್ತಿ.

ಮಡಿ ಹಾಕಲು ಆಗದಿದ್ದರೆ ಹೊಲ ಬೋಳು ಬಿಡಬೇಡಿ. ಜೂನಿನಲ್ಲಿ ಹೆಸರು ಅಥವಾ ಸೆಣಬು ಬಿತ್ತಿ. ಹನಿಯ ಹೊಡೆತ ಎಲೆ ತಾಳಿಕೊಳ್ಳುತ್ತದೆ. ಕೊಯ್ದ ಮೇಲೆ ಉಳಿದ ಎಲೆ, ಕಡ್ಡಿಯ ರವುದಿಗೆ ಬೆಂಕಿ ಹಚ್ಚದೆ ಹೊಲದಲ್ಲೇ ಬಿಡಿ.

ಒಡ್ಡಿಗೆ ಕೋಡಿ ಇರಲಿ

ನಮ್ಮ ಹೊಲದ ಹಳೆ ಒಡ್ಡನ್ನು ಎರಡು ಸಾಲು ಜಾಸ್ತಿ ಸಿಗಲಿ ಎಂದು ನಾವೇ ಸಣ್ಣ ಮಾಡಿದ್ದೆವು. ಎರಡು ಮಳೆಗಾಲದಲ್ಲಿ ಅದೇ ಜಾಗದಲ್ಲಿ ಆಳೆತ್ತರದ ಕೊರಕಲು ಬಿತ್ತು. ಹೋದ ಮಣ್ಣು ಬರಲೇ ಇಲ್ಲ. ಆ ಸಂಕಟ ಇವತ್ತಿಗೂ ಇದೆ.

ಮಸಾರಿಯಲ್ಲಿ ಒಡ್ಡು ಸಮಮಟ್ಟಕ್ಕೆ ಇರಲಿ. ಆಳವಾದ ಎರೆಯಲ್ಲಿ ಹಾಗೆ ಮಾಡಿದರೆ ನೀರು ನಿಂತು ಬೆಳೆ ಕೊಳೆಯುತ್ತದೆ, ಬಿರುಕು ಬಿಟ್ಟ ಒಡ್ಡು ಒಡೆಯುತ್ತದೆ. ಅಲ್ಲಿ 100 ಮೀಟರಿಗೆ 10ರಿಂದ 30 ಸೆಂಟಿಮೀಟರ್ ಇಳಿಜಾರು ಕೊಟ್ಟು, ಕೊನೆಯಲ್ಲಿ ಹೆಚ್ಚಾದ ನೀರು ಹೊರಗೆ ಹೋಗಲು ಕಲ್ಲಿನ ಕೋಡಿ ಕಟ್ಟಿ. ಬಳ್ಳಾರಿಯಲ್ಲಿ 1954ರಿಂದ ಕೇಂದ್ರ ಸರ್ಕಾರದ ಮಣ್ಣು, ನೀರು ಸಂರಕ್ಷಣೆಯ ಸಂಶೋಧನಾ ಕೇಂದ್ರವಿದೆ. ಎರೆ ಭೂಮಿಯ ಒಡ್ಡುಗಳ ಬಗ್ಗೆ ಅಲ್ಲಿ ಬಹಳ ಕೆಲಸ ಆಗಿದೆ. ಒಡ್ಡಿನ ಮೇಲೆ ಲಾವಂಚ ಅಥವಾ ಹುಲ್ಲು ಬೆಳೆಸಿ. ಬದು, ಕೃಷಿ ಹೊಂಡಕ್ಕೆ ಏನು ನೆರವು ಇದೆ ಎಂದು ಪಂಚಾಯಿತಿಯಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಕೊರಕಲು ಬಿದ್ದಿದ್ದರೆ ಮೇಲಿನ ತುದಿಯಿಂದ ಕಲ್ಲಿನ ತಡೆ ಹಾಕುತ್ತ ಬನ್ನಿ. ತಡೆಯ ನಡುಭಾಗ ತಗ್ಗಿರಲಿ, ಎರಡೂ ತುದಿ ದಂಡೆಯೊಳಗೆ ಹೊಕ್ಕಿರಲಿ. ನಡುವೆ ಎತ್ತರ ಮಾಡಿದರೆ ನೀರು ಪಕ್ಕದ ದಂಡೆ ಕೊರೆದುಕೊಂಡು ಹೋಗುತ್ತದೆ.

ಹಳ್ಳದ ಜಾಗ ಹಳ್ಳಕ್ಕೆ ಬಿಡಿ

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಭತ್ತದ ಗದ್ದೆಗಳು ಮೊದಲೇ ನೀರು ತುಂಬಿಕೊಂಡಿರುತ್ತವೆ. ಬಸಿಗಾಲುವೆ ಹೂಳು ತುಂಬಿದ್ದರೆ ಮಳೆ ನೀರಿಗೆ ದಾರಿಯೇ ಇರುವುದಿಲ್ಲ. ಹಳ್ಳಗಳಲ್ಲಿ ಬಳ್ಳಾರಿ ಜಾಲಿ ಬೆಳೆದಿರುತ್ತದೆ. ಸೇತುವೆ ಕಣ್ಣಿಗೆ ಅದರ ಕಂಟಿ ಸಿಕ್ಕಿಕೊಂಡರೆ ನೀರು ಊರಿಗೇ ತಿರುಗುತ್ತದೆ. 2019ರಲ್ಲಿ ಕೊಪ್ಪಳ ಗವಿಮಠದ ಸ್ವಾಮೀಜಿ ಮುಂದೆ ನಿಂತಾಗ ಜನ ಸೇರಿ ಹಿರೇಹಳ್ಳ ಸ್ವಚ್ಛ ಮಾಡಿದ್ದು ನೆನಪಿದೆ ಅಲ್ವಾ? ಜಾಲಿ ತೆಗೆಯುವಾಗ ದಂಡೆಯ ಹುಲ್ಲು, ಬೇರಿನ ಗಿಡ ಮಾತ್ರ ಉಳಿಸಿ.

ಮಣ್ಣು ಹೋಗಿ ನಿಲ್ಲುವುದೆಲ್ಲಿ ಎಂದು ತಿಳಿಯಲು ತುಂಗಭದ್ರಾ ಜಲಾಶಯ ನೋಡಿದರೆ ಸಾಕು. 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ ಸುಮಾರು 105 ಟಿಎಂಸಿ. ಉಳಿದ ಜಾಗವೆಲ್ಲ ಮೇಲಿನ ಹೊಲ, ಗುಡ್ಡಗಳಿಂದ ಇಳಿದ ಹೂಳು.

ಈ ಸಲ ಒಳ್ಳೆಯ ಮಳೆ ಬಂದಾಗ, ಸಿಡಿಲಿನ ಭಯ ಇಲ್ಲದಿದ್ದರೆ, ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗಿ. ಸುಮ್ನೆ ಒಂದು ಸುತ್ತು ಒಡ್ಡಿನ ಮೇಲೆ ನಡೆಯಿರಿ. ನೀರು ಎಲ್ಲಿ ಸೇರುತ್ತದೆ, ಎಲ್ಲಿ ಕೆಂಪಾಗಿ ತಿರುಗುತ್ತದೆ, ಎಲ್ಲಿ ಒಡ್ಡು ಹತ್ತುತ್ತದೆ, ಅಲ್ಲೆಲ್ಲ ಒಂದೊಂದು ಗೂಟ ಹೊಡೆದು ಬನ್ನಿ. ಬೇಸಿಗೆಯಲ್ಲಿ ಕೆಲಸ ಶುರು ಮಾಡಬೇಕಾದ್ದು ಆ ಗೂಟಗಳ ಹತ್ತಿರ.