ನೀರಿನಡಿಯ ಮ್ಯಾಕ್ರೊ: ಹೊಸ ಸೆಟಪ್ ಕೈಗೆ ಹೊಂದಿಸಿಕೊಂಡ ಬಗೆ

ಮ್ಯಾಕ್ರೊ ಎಂದರೆ ಚಿಕ್ಕ ಜೀವಿಗಳನ್ನು ತೀರ ಹತ್ತಿರದಿಂದ, ದೊಡ್ಡದಾಗಿ ತೆಗೆಯುವುದು. ಹೊಸ ಕ್ಯಾಮೆರಾ, ಅದಕ್ಕೆ ನೀರು ತಾಗದಂತೆ ಕಾಯುವ ಪೆಟ್ಟಿಗೆಯಾದ ಹೌಸಿಂಗ್, ಎರಡು ಸ್ಟ್ರೋಬ್ (ನೀರಿನಡಿಯ ಫ್ಲ್ಯಾಶ್), ಮೇಲೊಂದು ಡಯಾಪ್ಟರ್ (ಇನ್ನೂ ಹತ್ತಿರ ಹೋಗಲು ಮುಂದೆ ಸೇರಿಸುವ ಹೆಚ್ಚುವರಿ ಲೆನ್ಸ್) ಎಲ್ಲವನ್ನೂ ಒಂದೇ ಡೈವ್‌ನಲ್ಲಿ ಇಳಿಸಿದರೆ, ಚಿತ್ರ ಕೆಟ್ಟಾಗ ತಪ್ಪು ಯಾವುದರದ್ದು ಎಂದೇ ತಿಳಿಯುವುದಿಲ್ಲ. ಹಾಗಾಗಿ ನಾನು ಒಂದೊಂದನ್ನೇ ಸೇರಿಸುತ್ತ ಹೋದೆ.

ಮೊದಲು ನೀರಿಗಿಳಿದದ್ದು ಕ್ಯಾಮೆರಾ ಇಲ್ಲದ ಹೌಸಿಂಗ್. ಒಳಗೆ ಒಂದು ಟಿಶ್ಯೂ ಕಾಗದ, ಬಟ್ಟೆಯಲ್ಲಿ ಸುತ್ತಿದ ಸೀಸದ ತೂಕ. ತೂಕ ಇಡದಿದ್ದರೆ ಖಾಲಿ ಹೌಸಿಂಗ್ ತೇಲಿಬಿಡುತ್ತದೆ. ಮೇಲೆ ಬಂದಾಗ ಕಾಗದ ಒಣಗಿದ್ದರೆ ಸೀಲ್ ಸರಿಯಿದೆ ಎಂದರ್ಥ. ಸೋರಿಕೆ ಹೆಚ್ಚಾಗಿ ಶುರುವಾಗುವುದು ಮೊದಲ ಒಂದೆರಡು ಮೀಟರ್‌ನಲ್ಲೇ. ಆಳಕ್ಕೆ ಹೋದಂತೆ ಒತ್ತಡವೇ ಓ-ರಿಂಗನ್ನು (ಸಂದಿನಲ್ಲಿ ನೀರು ತಡೆಯುವ ರಬ್ಬರ್ ಉಂಗುರ) ಅದುಮಿ ಹಿಡಿಯುತ್ತದೆ. ರಿಂಗ್ ತೆಗೆಯಲು ಚೂಪಾದ ಸಾಧನ ಬೇಡ, ಹಳೆಯ ಪ್ಲಾಸ್ಟಿಕ್ ಕಾರ್ಡಿನ ಮೂಲೆ ಸಾಕು. ಗ್ರೀಸ್ ಹಚ್ಚುವುದು ರಿಂಗ್ ಹೊಳೆಯುವಷ್ಟು ಮಾತ್ರ. ಅದರ ಕೆಲಸ ರಬ್ಬರ್ ಜಾರುವಂತೆ ಮಾಡುವುದು, ಸಂದು ಮುಚ್ಚುವುದಲ್ಲ. ಹೆಚ್ಚಾದರೆ ಮರಳು, ಕೂದಲು ಅಂಟುತ್ತವೆ. ನೀರು ನುಗ್ಗಲು ಒಂದು ಕೂದಲೆಳೆ ಸಾಕು. ಗ್ರೀಸ್ ಆ ಹೌಸಿಂಗ್‌ಗೆ ಹೇಳಿದ್ದೇ ಇರಲಿ, ಸಿಲಿಕೋನ್ ರಿಂಗಿಗೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ರಿಂಗ್ ಉಬ್ಬುವುದುಂಟು. ಹೌಸಿಂಗ್ ಮುಚ್ಚುವುದು ಒಣ ಗಾಳಿಯ ಕೋಣೆಯಲ್ಲಿ. ಸೆಕೆಯ ಗಾಳಿ ಒಳಗೆ ಸಿಕ್ಕಿಕೊಂಡರೆ ತಣ್ಣೀರಿಗಿಳಿದ ಕೂಡಲೇ ಪೋರ್ಟಿನ (ಲೆನ್ಸಿನ ಮುಂದಿನ ಗಾಜಿನ ಕಿಟಕಿ) ಒಳಗಡೆ ಮಬ್ಬು ಕೂರುತ್ತದೆ.

ಲೆನ್ಸ್ 100 ಮಿ.ಮೀ. ಮ್ಯಾಕ್ರೊ, ಪೋರ್ಟ್ ಚಪ್ಪಟೆಯದು. 1:1ರಲ್ಲಿ, ಅಂದರೆ ವಸು ಸೆನ್ಸರ್ ಮೇಲೆ ತನ್ನ ನಿಜ ಗಾತ್ರದಲ್ಲೇ ಮೂಡುವಾಗ, ಫುಲ್‌ಫ್ರೇಮ್ ಸೆನ್ಸರ್‌ನ ಚೌಕಟ್ಟಿಗೆ ತುಂಬುವುದು 36 ಮಿ.ಮೀ. ಅಗಲದ ದೃಶ್ಯ. ನೀರು ಅತ್ತಿತ್ತ ತೂಗಾಡುವಾಗ ಅಷ್ಟು ಚಿಕ್ಕ ಜಾಗವನ್ನು ಚೌಕಟ್ಟಿನೊಳಗೆ ಇಟ್ಟುಕೊಳ್ಳುವುದೇ ಅರ್ಧ ಕೆಲಸ.

ಸೆಟ್ಟಿಂಗ್ ಪೂರ್ತಿ ಮ್ಯಾನ್ಯುಅಲ್: ಶಟರ್ 1/200, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಅಂಕೆ ಹೆಚ್ಚಾದಷ್ಟು ಕಿರಿದು) ಎಫ್ 16, ಐಎಸ್‌ಓ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 200. ಮೊದಲ ಹತ್ತು ಡೈವ್ ಇವನ್ನು ಮುಟ್ಟಲೇ ಇಲ್ಲ, ಬದಲಿಸಿದ್ದು ಸ್ಟ್ರೋಬ್ ಪವರ್ ಒಂದನ್ನೇ. ಸ್ಟ್ರೋಬ್ ಮಿಂಚುವುದು ಕ್ಷಣದ ಚಿಕ್ಕ ಚೂರಿನಷ್ಟು ಹೊತ್ತು, ಆದ್ದರಿಂದ ಸಿಂಕ್ ವೇಗ (ಸ್ಟ್ರೋಬ್ ಜೊತೆ ಹೊಂದುವ ಶಟರ್ ವೇಗದ ಮಿತಿ) ದಾಟದಿದ್ದರೆ ಶಟರ್ ವೇಗ ಅದರ ಬೆಳಕನ್ನು ಕಡಿಮೆ ಮಾಡುವುದಿಲ್ಲ. ಹಿನ್ನೆಲೆಯ ಸಹಜ ಬೆಳಕನ್ನು ಮಾತ್ರ ಕತ್ತರಿಸುತ್ತದೆ. ಹಿಂದೆ ಕಪ್ಪು ಬೇಕಾದರೆ ಈ ಸೆಟ್ಟಿಂಗ್ ಸಾಕು. ನೀಲಿ ಬೇಕಾದರೆ ಎಫ್ 8, 1/100ರ ಆಸುಪಾಸಿಗೆ ಬಂದು, ಜೀವಿಯ ಹಿಂದೆ ಬಂಡೆಯಲ್ಲ, ತೆರೆದ ನೀರು ಬರುವಂತೆ ಕೆಳಗಿನಿಂದ ನೋಡಬೇಕು. ಎಫ್ 22 ದಾಟಿದರೆ ಹೆಚ್ಚು ಭಾಗ ಫೋಕಸ್‌ಗೆ ಬಂದರೂ ಡಿಫ್ರ್ಯಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರುವುದು) ಚಿತ್ರವೆಲ್ಲ ಮೆತ್ತಗಾಗುತ್ತದೆ. 1:1ಕ್ಕೆ ಹೋದಾಗ ಎರಡು ಸ್ಟಾಪ್‌ನಷ್ಟು (ಕಾಲು ಪಾಲು ಮಾತ್ರ ಉಳಿಯುವಷ್ಟು) ಬೆಳಕು ಹೇಗೂ ಸೋರಿಹೋಗುತ್ತದೆ, ಪವರ್ ಏರಿಸಬೇಕಾಗುವುದು ಅದಕ್ಕೇ.

ಸ್ಟ್ರೋಬ್ ಕೂಡ ಮೊದಲು ಒಂದೇ, ಪೋರ್ಟಿನ ನೆತ್ತಿಯ ಮೇಲೆ ಕೆಳಮುಖವಾಗಿ. ನೆರಳು ಎಲ್ಲಿ ಬೀಳುತ್ತದೆ ಎಂಬುದು ಒಂದರಲ್ಲೇ ಚೆನ್ನಾಗಿ ಗೊತ್ತಾಗುತ್ತದೆ. ಎರಡನೆಯದು ಬಂದ ಮೇಲೆ ಎರಡನ್ನೂ ಅಕ್ಕಪಕ್ಕ, ಪೋರ್ಟಿನ ಬಾಯಿಗಿಂತ ತುಸು ಹಿಂದಿಟ್ಟೆ. ಚಿತ್ರದ ತುಂಬ ಬಿಳಿ ಚುಕ್ಕೆ ಬಂದರೆ ನೀರನ್ನು ಬೈದು ಫಲವಿಲ್ಲ. ಪೋರ್ಟಿಗೂ ಜೀವಿಗೂ ನಡುವಿನ ನೀರಿನಲ್ಲಿ ತೇಲುವ ಕಣಗಳಿಗೆ ಬೆಳಕು ಹೊಡೆಯುತ್ತಿದೆ, ಅಷ್ಟೆ. ಸ್ಟ್ರೋಬನ್ನು ಹೊರಕ್ಕೆ ತಿರುಗಿಸಿ, ಬೆಳಕಿನ ಅಂಚು ಮಾತ್ರ ಜೀವಿಗೆ ತಾಗುವಂತೆ ಮಾಡಬೇಕು. ಇಲ್ಲವೇ ಇನ್ನೂ ಹತ್ತಿರ ಹೋಗಬೇಕು. ಫುಲ್ ಪವರ್‌ನಲ್ಲಿ ಸ್ಟ್ರೋಬ್ ಮತ್ತೆ ಚಾರ್ಜ್ ಆಗಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಬ್ಲೆನಿ ಮೀನು ಬಿಲದೊಳಗೆ ಹೋಗಿರುತ್ತದೆ. ಕಾಲು ಪವರ್ ನನಗೆ ಹೆಚ್ಚು ಉಪಯೋಗಕ್ಕೆ ಬಂತು.

1:1, ಎಫ್ 16ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 2 ಮಿ.ಮೀ. ಮಾತ್ರ. ಆಟೋಫೋಕಸ್ ಹಿಂದೆ ಓಡುವುದಕ್ಕಿಂತ, ಚಿತ್ರ ಎಷ್ಟು ದೊಡ್ಡದಾಗಿ ಬರಬೇಕೋ ಅಷ್ಟಕ್ಕೆ ಫೋಕಸ್ ಒಮ್ಮೆ ಲಾಕ್ ಮಾಡಿ, ಇಡೀ ಕ್ಯಾಮೆರಾವನ್ನು ಕೂದಲೆಳೆಯಷ್ಟು ಮುಂದೆ ಹಿಂದೆ ಸರಿಸುತ್ತ ಕ್ಲಿಕ್ ಮಾಡುವುದು ಮೇಲು. ಮೀನಿನಲ್ಲಿ ಕಣ್ಣು, ನ್ಯೂಡಿಬ್ರಾಂಕ್‌ನಲ್ಲಿ (ಚಿಪ್ಪಿಲ್ಲದ ಕಡಲ ಹುಳದಂಥ ಮೃದ್ವಂಗಿ) ತಲೆಯ ಮೇಲಿನ ಕೊಂಬಿನಂಥ ಎರಡು ರೈನೋಫೋರ್ ಸ್ಪಷ್ಟವಾಗಿದ್ದರೆ ಉಳಿದದ್ದು ಮಸುಕಾದರೂ ನಡೆಯುತ್ತದೆ. ಅಲುಗಾಡಬಾರದೆಂದು ಉಸಿರು ಹಿಡಿಯುವುದು ಬೇಡ. ಸಿಲಿಂಡರ್ ಗಾಳಿ ಉಸಿರಾಡುವಾಗ ಅದು ಪುಪ್ಪುಸಕ್ಕೆ ಅಪಾಯ. ನಿಧಾನವಾಗಿ ಉಸಿರು ಬಿಡುವ ಹೊತ್ತಿಗೆ ಕ್ಲಿಕ್ ಮಾಡಬಹುದು. ಬಾಯನ್ಸಿ (ಮುಳುಗದೆ, ಮೇಲೇರದೆ ನೀರಿನಲ್ಲಿ ತೇಲುತ್ತ ನಿಲ್ಲುವುದು) ಹಿಡಿತಕ್ಕೆ ಬಾರದವರು ಕ್ಯಾಮೆರಾ ಬಿಟ್ಟು ಮೊದಲು ಅದನ್ನೇ ಕಲಿಯಲಿ. ಹವಳದ ಮೇಲೆ ಮೊಣಕಾಲೂರಿ ತೆಗೆದ ಚಿತ್ರ ನನಗಂತೂ ಬೇಡ.

ಡಯಾಪ್ಟರ್ ಕೊನೆಗೆ. ನೀರಿನೊಳಗೆ +10 ಶಕ್ತಿಯದಾದರೆ ಜೀವಿ ಅದರಿಂದ ಹೆಚ್ಚೆಂದರೆ 10 ಸೆಂ.ಮೀ. ದೂರ ಇರಬೇಕು, ಅದಕ್ಕಿಂತ ದೂರದ್ದು ಫೋಕಸ್‌ಗೇ ಬರುವುದಿಲ್ಲ. ಆದ್ದರಿಂದ ತಿರುಗಿಸಿ ಸರಿಸಬಹುದಾದ ಹೋಲ್ಡರ್ ಬೇಕೇ ಬೇಕು. ನೀರಿಗಿಳಿದ ಕೂಡಲೇ ಪೋರ್ಟಿಗೂ ಡಯಾಪ್ಟರ್‌ಗೂ ನಡುವೆ ಸಿಕ್ಕ ಗುಳ್ಳೆಗಳನ್ನು ಬೆರಳಿನಿಂದ ಒರೆಸಬೇಕು. ಒಂದು ಗುಳ್ಳೆ ಉಳಿದರೂ ಚಿತ್ರದ ಮಧ್ಯೆ ಮಸುಕು ಬೀಳುತ್ತದೆ.

ಮೇಲೆ ಬಂದ ಮೇಲೆ ಉಪ್ಪು ಒಣಗುವ ಮೊದಲೇ ಸೆಟಪ್ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಯಬೇಕು. ಮುಳುಗಿರುವಾಗಲೇ ಪ್ರತಿ ಬಟನ್ ಹತ್ತಾರು ಸಲ ಒತ್ತಬೇಕು, ಇಲ್ಲದಿದ್ದರೆ ಸಂದಿನಲ್ಲಿ ಉಪ್ಪು ಹರಳುಗಟ್ಟಿ ಬಟನ್ ಹಿಡಿದುಕೊಳ್ಳುತ್ತದೆ. ಹೌಸಿಂಗ್ ತೆರೆಯುವುದು ಹೊರಮೈ, ಕೈ, ಕೂದಲು ಮೂರೂ ಒರೆಸಿದ ಮೇಲೆ. ಸಂದಿನಲ್ಲಿ ಉಳಿದ ಹನಿ ಒಳಗಲ್ಲ, ಹೊರಕ್ಕೆ ಜಾರುವಂತೆ ಓರೆಯಾಗಿ ಹಿಡಿದೇ ತೆರೆಯಬೇಕು.